ಆ ಅಳು ನಟನೆಯಾಗಿರಲಿಲ್ಲ

ಬಹರೈನಿನ ಬುಸೈತೀನ್‌ನಲ್ಲಿ ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ವಿಲ್ಲಾಗಳ ಹಿಂದಿನ ಬಯಲಿನಲ್ಲಿ ನಿಂತ ಶಾಲಾ ಬಸ್ಸಿನೊಳಗೆ ಉಮಾವತಿ ಒಂದೊಂದೇ ಸೀಟು ಒರೆಸುತ್ತಾ ಬರುತ್ತಾರೆ. ರಾತ್ರಿಯಿಡೀ ಗಾಳಿ ಬೀಸಿ ಎಲ್ಲೆಲ್ಲೂ ಮರಳಿನ ಹುಡಿ. ಬಗ್ಗಿ ನೋಡಿದರೆ ಯಾರೋ ಬಿಟ್ಟುಹೋದ ಟಿಫಿನ್ ಡಬ್ಬಿಯ ಮುಚ್ಚಳ. "ಇದು ಮೂರನೇ ಕ್ಲಾಸಿನವನದ್ದೇ. ದಿನಾ ಎಂತಾದ್ರೂ ಬಿಟ್ಟು ಹೋಗ್ತಾನೆ," ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಚಾಲಕ ಅಮೀನ್ ಎಸಿ ಹಾಕಿ, "ಹೋಗುವನಾ ಉಮಕ್ಕ?" ಎನ್ನುತ್ತಾರೆ.

ಕರಾವಳಿಯ ಹೆಜಮಾಡಿಯ ಉಮಾವತಿ ಮದುವೆಯಾಗಿ ಬಹರೈನಿಗೆ ಬಂದವರು. ಗಂಡ ಮುದ್ದಣ್ಣನಿಗೆ ಸಿತ್ರಾದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ನಲವತ್ತರಷ್ಟು ಮಕ್ಕಳನ್ನು ಹತ್ತಿಸಿ, ಬೆಲ್ಟು ಹಾಕಿಸಿ, ವಾಂತಿ ಮಾಡಿದವರ ಬಾಯಿ ತೊಳೆಸಿ, ಮಧ್ಯಾಹ್ನ ಮತ್ತೆ ಮನೆ ಮನೆಗೆ ಇಳಿಸುವುದು ಇವರ ದಿನಚರಿ. ಇಲ್ಲಿನ ಊರವರ ಸಂಘದ ತುಳು ನಾಟಕಗಳಲ್ಲಿ ಪಾತ್ರ ಮಾಡುವುದು ಹಳೆಯ ಹವ್ಯಾಸ. ಅದೇ ಅವರನ್ನು ಸಿನಿಮಾಕ್ಕೆ ಎಳೆಯಿತು.

ಮಂಗಳೂರಿನ ನಿರ್ದೇಶಕ ವಿಖ್ಯಾತ್ ಇಲ್ಲಿಯೇ ಚಿತ್ರೀಕರಿಸಿದ 'ಹೊರಚಿಲಕ' ಈ ವರ್ಷ ಬಹಳ ಜಗಳ ಎಬ್ಬಿಸಿದ ಸಿನಿಮಾ. ತಂಗಿಯ ಸಾವಿಗೆ ಕಾರಣನಾದವನ ಮೇಲೆ ಒಬ್ಬ ವೈದ್ಯೆ ಸೇಡು ತೀರಿಸಿಕೊಳ್ಳುವ ಕತೆ. ಅವನ ಪುಟ್ಟ ಮಗಳನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿ, ಅವಳ ಅಳುವನ್ನು ಫೋನಿನಲ್ಲಿ ಅವನಿಗೆ ಕೇಳಿಸಿ ತಪ್ಪೊಪ್ಪಿಸುತ್ತಾಳೆ. ಹೆಣ್ಣಿನ ಸಿಟ್ಟಿಗೆ ಕೊನೆಗೂ ಒಂದು ಭಾಷೆ ಸಿಕ್ಕಿತು ಎಂದು ಕೆಲವು ವಿಮರ್ಶಕರು ಬರೆದರು. ಸೇಡನ್ನು ನ್ಯಾಯವೆಂದು ಮಾರುವ ಚಿತ್ರ ಎಂದು ಉಳಿದವರು ಹರಿಹಾಯ್ದರು. ಎರಡೂ ಪಂಗಡ ಒಪ್ಪಿಕೊಂಡದ್ದು ಆ ಕೋಣೆಯ ದೃಶ್ಯವನ್ನು ಮಾತ್ರ. ವೈದ್ಯೆ ಹೇಳಿದಂತೆ ಚಿಲಕ ಹಾಕಿ ಬಾಗಿಲ ಹೊರಗೆ ನಿಲ್ಲುವ ಮನೆಗೆಲಸದವಳ ಮುಖವನ್ನೂ, ಒಳಗಿನ ಮಗುವಿನ 'ಬೆರಗಾಗಿಸುವಷ್ಟು ಸಹಜ ಅಭಿನಯ'ವನ್ನೂ ಎಲ್ಲರೂ ಕೊಂಡಾಡಿದರು. ಆ ಮನೆಗೆಲಸದವಳು ಉಮಾವತಿ.

ಆ ಸಾಲುಗಳನ್ನು ಮುದ್ದಣ್ಣ ತಿಂಡಿ ತಿನ್ನುತ್ತಾ ಹೆಮ್ಮೆಯಿಂದ ಓದಿ ಹೇಳಿದ ದಿನ ಉಮಾವತಿ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಅದು ನಟನೆ ಅಲ್ಲ ಮಾರಾಯ್ರೆ," ಎನ್ನುತ್ತಾ ಅವರು, ಮಾತಾಡಿಸಲು ಬಂದ ನನ್ನ ಮುಖ ನೋಡದೆ ಕಿಟಕಿ ಒರೆಸುತ್ತಾರೆ. "ಆ ಮಗು ನಮ್ಮ ಬಸ್ಸಿನದ್ದೇ. ಸಿನಿಮಾಕ್ಕೆ ಒಂದು ಮಗು ಬೇಕು ಅಂದಾಗ ಇದು ಉಂಟು ಅಂತ ಹೇಳಿದವಳು ನಾನೇ. 'ಆಂಟಿ, ಮೊದಲೇ ಹೇಳಿದ್ರೆ ಹೆದರಿಕೆ ಬರುದಿಲ್ಲ, ಏನೂ ಹೇಳ್ಬೇಡಿ' ಅಂದ್ರು ವಿಖ್ಯಾತ್. ತಾಯಿಯನ್ನು ಕಾಫಿಗೆ ಕೆಳಗೆ ಕಳಿಸಿದ್ರು. ಕಣ್ಣಾಮುಚ್ಚಾಲೆ ಅಂತ ಹೇಳಿ ಒಳಗೆ ಬಿಟ್ಟೆ. ಲೈಟ್ ಆಫ್ ಮಾಡಿದ್ರು. ಮಗು 'ಉಮಾ ಆಂಟಿ, ಉಮಾ ಆಂಟಿ' ಅಂತ ಬಾಗಿಲು ಬಡೀತಾ ಇತ್ತು. ಸಿನಿಮಾದಲ್ಲಿ ಮಗು ಕರೆದ ನನ್ನ ಹೆಸರು ಅಳಿಸಿದ್ದಾರೆ, ಅಳು ಇಟ್ಟಿದ್ದಾರೆ."

ಬಟ್ಟೆ ಹಿಂಡಿ ಮತ್ತೆ ಶುರು ಮಾಡುತ್ತಾರೆ. "ಆಗ ನಾನು ಯೋಚಿಸಿದ್ದು ಎಂತ ಗೊತ್ತುಂಟಾ? ಕ್ಯಾಮೆರಾ ನನ್ನ ಮುಖದ ಹತ್ತಿರ ಉಂಟು, ಚೆಂದ ಬರ್ಲಿ ಅಂತ. ಮಗು ಅಲ್ಲಿ ಕರೀತಾ ಉಂಟು, ನನಗೆ ನನ್ನ ಮುಖದ ಚಿಂತೆ."

ವಿಮರ್ಶೆ ಓದಿದ ಸಂಜೆಯೇ ಅವರು ಮಗುವಿನ ತಾಯಿಯ ಫ್ಲ್ಯಾಟಿಗೆ ಹೋದರು. ಬೆಂಗಳೂರಿನ ಆಕೆ ಮನಾಮದಲ್ಲಿ ಬ್ಯಾಂಕಿನ ಅಧಿಕಾರಿ. ನಿಜ ಹೆಸರು ಬೇಡವೆಂದಿದ್ದರಿಂದ ಅಪೇಕ್ಷಾ ಎನ್ನೋಣ. ಶೂಟಿಂಗ್ ಆದಾಗಿನಿಂದ ಮಗಳು ಬಾಗಿಲು ಮುಚ್ಚಿದರೆ ಮಲಗುತ್ತಿರಲಿಲ್ಲ. ಕೇಳಿದರೆ ಮಾತೇ ಆಡುತ್ತಿರಲಿಲ್ಲ. ಉಮಾವತಿ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಅಪೇಕ್ಷಾ ಒಳಗೆ ಕರೆಯಲಿಲ್ಲ.

"ನಿಮ್ಮನ್ನ ನಂಬಿ ನಾನು ಕೆಳಗೆ ಹೋಗಿದ್ದು, ಆ ಡೈರೆಕ್ಟರನ್ನ ನಂಬಿ ಅಲ್ಲ," ಎಂದರು. "ಶುಕ್ರವಾರ ಸಂಘದಲ್ಲಿ ನಿಮಗೆ ಸನ್ಮಾನ ಅಲ್ವಾ? ಇದೇ ಮಾತನ್ನ ಅಲ್ಲಿ ಎಲ್ಲರ ಮುಂದೆ ಹೇಳ್ತೀರಾ?"

ಹೇಳಿದರು. ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದ ವಿಮರ್ಶಕರೊಬ್ಬರು ಆ ದೃಶ್ಯವನ್ನೇ ಬಣ್ಣಿಸಿ ಮುಗಿಸಿದ್ದರು. ಶಾಲು ಹೊದಿಸಲು ಬಂದವರ ಕೈಯನ್ನು ಉಮಾವತಿ ಮೆಲ್ಲನೆ ಸರಿಸಿದರು. "ಆ ಮಗು ನಿಜವಾಗಿ ಅತ್ತದ್ದು. ಚಿಲಕ ಹಾಕಿದ್ದು ನಾನು. ಹೊಗಳ್ಬೇಡಿ, ನಾಚಿಕೆ ಆಗ್ತದೆ," ಎಂದರು. ಸಭೆಯಲ್ಲಿ ಯಾರೋ "ಈಗ ಅದೆಲ್ಲ ಯಾಕೆ, ಕೂತ್ಕೊಳ್ಳಿ," ಎಂದರು. ಮೊದಲ ಸಾಲಿನಲ್ಲಿದ್ದ ವಿಖ್ಯಾತ್ ಎದ್ದು ಹೊರಗೆ ನಡೆದರು.

ಆಮೇಲೆ ಬಂದದ್ದು ಸುಲಭದ ದಿನಗಳಲ್ಲ. ಪ್ರಚಾರಕ್ಕಾಗಿ ಮಾಡಿದ ನಾಟಕ ಎಂದು ಕೆಲವರು ಬರೆದರು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಇಂಥವಳನ್ನು ಬಸ್ಸಿನಿಂದ ತೆಗೆಯಿರಿ ಎಂಬ ಒತ್ತಾಯ ಎದ್ದಿತು. ಶಾಲೆಯವರು ಕೆಲವು ವಾರ ಅವರನ್ನು ಮನೆಯಲ್ಲೇ ಕೂರಿಸಿ ಮತ್ತೆ ಕರೆದರು. ವೇದಿಕೆಯಲ್ಲಿದ್ದ ಆ ವಿಮರ್ಶಕರು ಮಾತ್ರ ತಮ್ಮ ಬರಹಕ್ಕೆ ತಿದ್ದುಪಡಿ ಸೇರಿಸಿದರು: ಮಗುವಿನ ಭಯವನ್ನು ಕಲೆಯೆಂದು ಮೆಚ್ಚಿದ್ದಕ್ಕೆ ತಲೆ ತಗ್ಗಿಸುತ್ತೇನೆ ಎಂದು. ಅದರಿಂದ ಎದ್ದ ಗದ್ದಲಕ್ಕೆ ಮಣಿದು ವಿಖ್ಯಾತ್ ಆನ್‌ಲೈನ್ ಬಿಡುಗಡೆಯ ಪ್ರತಿಯಿಂದ ಇಡೀ ದೃಶ್ಯವನ್ನು ಕತ್ತರಿಸಿದರು.

ಅಪೇಕ್ಷಾ ಮಗಳನ್ನು ಈಗ ತಮ್ಮ ಕಾರಿನಲ್ಲೇ ಶಾಲೆಗೆ ಬಿಡುತ್ತಾರೆ. "ಕಂಪ್ಲೇಂಟ್ ಕೊಟ್ಟಿಲ್ಲ. ಹಾಗಂತ ಕ್ಷಮಿಸಿದೀನಿ ಅಂದ್ಕೋಬೇಡಿ," ಎಂದು ನನಗೆ ಫೋನಿನಲ್ಲಿ ಹೇಳಿದರು. ಮಗು ಈಗ ನಿದ್ದೆ ಮಾಡುತ್ತದೆಯೇ ಎಂದು ಕೇಳಿದೆ. "ಬಾಗಿಲು ಅರ್ಧ ತೆಗೆದಿಟ್ರೆ," ಎಂದರು. ಉಮಾವತಿಗೆ ಇದನ್ನು ತಿಳಿಸಿದಾಗ ಅವರು ಒರೆಸಿದ ಕಿಟಕಿಯನ್ನೇ ಮತ್ತೊಮ್ಮೆ ಒರೆಸಿದರು.

ಬಸ್ಸು ಹೊರಡುವ ಮುನ್ನ ಹೊಸ ಪ್ರತಿ ನೋಡಿದಿರಾ ಎಂದು ಕೇಳುತ್ತೇನೆ.

"ನೋಡಿದೆ. ನನ್ನದು ಬೆನ್ನು ಮಾತ್ರ ಉಂಟು ಈಗ, ಚಾ ಟ್ರೇ ಹಿಡ್ಕೊಂಡು ಹೋಗುದು. ನಮ್ಮ ಯಜಮಾನ್ರಿಗೆ ಬೇಜಾರು, ಊರಿನಲ್ಲಿ ಯಾರಿಗೂ ಗುರುತು ಸಿಗುದಿಲ್ಲ ಅಂತ." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಸಿಗುದು ಬೇಡ. ಆ ಸೀನ್ ತೆಗೆಸಿದವಳು ನಾನು ಅಂತ ನನಗೆ ಗೊತ್ತುಂಟಲ್ಲ, ಸಾಕು."