ಜಗಳಕ್ಕೆ ಸಾಲದ ಉಸಿರು

ಹಿಟ್ಟಿನ ಗಿರಣಿಯಲ್ಲಿ ಮೆಲ್ಲಗೆ ಆಡಿದ ಮಾತು ಆಡಿದವರಿಗೂ ಕೇಳಿಸುವುದಿಲ್ಲ. ಹಾಗಾಗಿ ಗಿರಣಿ ಮನೆಯ ಹಿರಿಸೊಸೆ ಅಲ್ಲಿಗೆ ಬಂದಮೇಲೆ ಬಾಯಿ ಜೋರು ಮಾಡಿಕೊಂಡಳೋ, ಬಾಯಿ ಜೋರಿದೆಯೆಂದೇ ಮಾವ ಅವಳನ್ನು ಗಿರಣಿಯಲ್ಲಿ ನಿಲ್ಲಿಸಿದನೋ, ಬೀದಿಯವರಿಗೆ ಇಂದಿಗೂ ಬಗೆಹರಿದಿಲ್ಲ. ಎಲ್ಲರೂ ಅವಳನ್ನು ಕರೆಯುವುದು ಜೋರಕ್ಕ ಅಂತ. ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಜೋರಕ್ಕನಿಗೆ ಸರಿಸಾಟಿಯಾಗಿ ನಿಲ್ಲುವವಳು ಲೋಕದಲ್ಲಿ ಒಬ್ಬಳೇ, ಅವಳ ಮೈದುನನ ಹೆಂಡತಿ. ಈ ಓರಗಿತ್ತಿ ಮದುವೆಯಾಗಿ ಬಂದ ಹೊಸತರಲ್ಲಿ ತುಟಿಪಿಟಿಕ್ ಅನ್ನದ ಹುಡುಗಿ. ಹಿಟ್ಟನ್ನು ಎರಡು ಬೆರಳಿನ ನಡುವೆ ತಿಕ್ಕಿ ತರಿಯೋ ನುಣುಪೋ ಎಂದು ನೋಡುವುದನ್ನು ಜೋರಕ್ಕನಿಂದ ಕಲಿತಳು, ಜೊತೆಗೆ ಜಗಳ ಆಡುವುದನ್ನೂ ಕಲಿತಳು. ಈಗ ಅವಳಿಗೂ ಐವತ್ತು ದಾಟಿದೆ, ಮೊಮ್ಮಗಳು ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಆದರೂ ಜೋರಕ್ಕನಿಗೆ ಅವಳು 'ಏ ಹುಡುಗಿ'ಯೇ. ಇಬ್ಬರ ಜಗಳಕ್ಕೆ ಇಂಥದ್ದೇ ಕಾರಣ ಬೇಕೆಂದಿಲ್ಲ. ಡಬ್ಬಿಗಳ ಸಾಲು ತಪ್ಪಿಸಿದ್ದು ಯಾರು, ಬೆಲ್ಟು ಸಡಿಲವಾದದ್ದು ಯಾರ ಕೈಗುಣದಿಂದ, ಯಾವ ಕಾಲದಲ್ಲೋ ಯಾರ ತವರಿನವರು ಯಾರನ್ನು ಮಾತಾಡಿಸಲಿಲ್ಲ, ಏನಾದರೂ ಆದೀತು. ಹೊಸಬರು ಕೇಳಿದರೆ ಇವತ್ತು ಕೊಲೆಯೇ ಆಗಿಹೋಗುತ್ತದೆ ಅಂದುಕೊಳ್ಳಬೇಕು. ಹಳಬರು ಡಬ್ಬಿ ಇಟ್ಟು, ನಗುತ್ತಾ ನಿಲ್ಲುತ್ತಿದ್ದರು. ಜಗಳ ಮುಗಿದಮೇಲೆ ಇಬ್ಬರೂ ಒಂದೇ ಮೂಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ.

ಅವತ್ತು ಜಗಳ ಎದ್ದದ್ದು ಒಂದು ಮುಚ್ಚಳಕ್ಕೆ. ಇಸ್ತ್ರಿ ಅಂಗಡಿಯವನ ಡಬ್ಬಿಗೆ ಇನ್ಯಾರದೋ ಮುಚ್ಚಳ ಹೋಗಿತ್ತು. ಕಣ್ಣು ಎಲ್ಲಿಟ್ಟಿದ್ದೆ ಎಂದು ಜೋರಕ್ಕ ಶುರುಮಾಡಿದಳು, ಓರಗಿತ್ತಿಯ ಕಣ್ಣಿನಿಂದ ಅವಳ ಬುದ್ಧಿಗೆ ಬಂದಳು, ಬುದ್ಧಿಯಿಂದ ಅವಳನ್ನು ಹೆತ್ತವರ ತನಕ ಹೋಗುವ ದಾರಿಯಲ್ಲಿ ಥಟ್ಟನೆ ನಿಂತಳು. ಬಾಯಿ ತೆರೆದೇ ಇತ್ತು. ಮಾತು ಬರಲಿಲ್ಲ. ಒಂದು ಕೈ ಗೋಡೆಗೆ ಕೊಟ್ಟು, ಮೆಲ್ಲಗೆ ಜಾರಿ ಗೋಧಿ ಮೂಟೆಯ ಮೇಲೆ ಕೂತಳು. ಎದೆಯಲ್ಲಿ ಸುಂಯ್ ಎನ್ನುವ ಸದ್ದು ಬರುತ್ತಿತ್ತು.

ಓರಗಿತ್ತಿಯ ಬಾಯಲ್ಲಿ ಖಡಕ್ಕಾದ ಉತ್ತರ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡಳು. ಸಂಜೆ ಮನೆಯಲ್ಲಿ ಜೋರಕ್ಕನ ಗಂಡ, ಇವತ್ತು ಜಗಳ ಬೇಗ ಮುಗಿಯಿತಂತಲ್ಲ, ವಯಸ್ಸಾದ ಹಾಗೆ ಬುದ್ಧಿ ಬರುತ್ತಿದೆ ಎಂದು ಸಂತೋಷಪಟ್ಟ. ಅವನು ಒಳ್ಳೆಯವನೇ, ಸ್ವಲ್ಪ ಮಂದ. ಹೆಂಡತಿ ವರ್ಷಗಳಿಂದ ಕೆಮ್ಮುತ್ತಿದ್ದರೂ "ಧೂಳಿಗೆ ಬರುತ್ತೆ, ಬಿಡು" ಎಂದು ಮಗ್ಗುಲು ಬದಲಾಯಿಸುತ್ತಿದ್ದವನು. ಜೋರಕ್ಕ ಮಾತು ಅರ್ಧಕ್ಕೆ ಬಿಟ್ಟಳೆಂದರೆ ಅದೆಂಥ ಅನಾಹುತ ಎಂದು ಅರ್ಥವಾದದ್ದು ಅವಳ ಎದುರಾಳಿಗೆ ಮಾತ್ರ. ಮಾರನೆಯ ದಿನವೇ ಅವಳು ಗಿರಣಿಗೆ ಬೀಗ ಜಡಿದು, ಅಕ್ಕನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿ ಒಂದು ನಳಿಗೆ ಕೊಟ್ಟು ಊದಲು ಹೇಳಿದರು. ನರ್ಸು ಅವಳ ಮೂಗಿಗೆ ಕ್ಲಿಪ್ಪು ಹಾಕಿ, "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಎಂದು ಹುರಿದುಂಬಿಸಿದಳು. ಓಡುವ ಗಿರಣಿಯನ್ನು ಮೀರಿಸಿ ಬೀದಿಯ ಕೊನೆಯವನನ್ನು ಕರೆಯುತ್ತಿದ್ದ ಹೆಂಗಸಿಗೆ ಊದಲು ಒಳಗೆ ಏನೂ ಉಳಿದಿರಲಿಲ್ಲ. ಮತ್ತೆ ಮತ್ತೆ ಊದಿಸಿದರು. ಕಣ್ಣಿಗೆ ಕತ್ತಲೆ ಬಂತು, ನಾಚಿಕೆಯೂ ಆಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬೀಡಿ ಸಿಗರೇಟು ಏನಾದ್ರೂ ಸೇದ್ತೀರಾಮ್ಮ?" ಎಂದು ಕೇಳಿದಳು.

"ನಾನ್ಯಾಕೆ ಸೇದಲಿ? ಗಿರಣೀಲಿ ಹಿಟ್ಟು ಕುಡಿದೇ ಹೊಟ್ಟೆ ತುಂಬುತ್ತೆ" ಎಂದಳು ಜೋರಕ್ಕ.

ಡಾಕ್ಟರು ನಗಲಿಲ್ಲ. ಇದು ಬಹಳ ವರ್ಷಗಳಿಂದ ಕೂಡಿಕೊಂಡು ಬಂದ ಶ್ವಾಸಕೋಶದ ಕಾಯಿಲೆ, ವಾಸಿಯಾಗುವುದಿಲ್ಲ, ಹದ್ದುಬಸ್ತಿನಲ್ಲಿ ಇಡಬಹುದು ಎಂದಳು. ದಿನಾ ಇನ್ಹೇಲರ್ ಎಳೆಯಬೇಕು, ಸ್ವಲ್ಪ ಸ್ವಲ್ಪ ನಡೆಯಬೇಕು, ಹಿಟ್ಟು ಮೆಣಸಿನಕಾಯಿಯ ಧೂಳಿಗೆ ಇನ್ನು ಮುಖ ಒಡ್ಡಲೇಬಾರದು. ಆಮೇಲೆ ಬರೆಯುತ್ತಾ, "ಗಿರಣಿಗೆ ಕಿಟಕಿ ಇಲ್ವಾ?" ಎಂದು ಕೇಳಿದಳು.

"ಇದೆ" ಎಂದಳು ಜೋರಕ್ಕ.

"ತೆಗೆದಿಡ್ತೀರಾ?"

ಆ ಕಿಟಕಿಯದೇ ಓರಗಿತ್ತಿಯರಿಬ್ಬರ ನಡುವಿನ ಅತಿ ಹಳೆಯ ಜಗಳ. ಉಸಿರು ಕಟ್ಟುತ್ತದೆ, ತೆಗೆ ಎಂದು ಓರಗಿತ್ತಿ. ಗಾಳಿಗೆ ಹಿಟ್ಟು ಹಾರುತ್ತದೆ, ಬೇಡ ಎಂದು ಇವಳು. ಪ್ರತಿ ಸಲ ಗೆದ್ದವಳು ಇವಳೇ. ಗೆದ್ದ ಗುರುತಿಗೆ ಅಗುಳಿಗೆ ಮೊಳೆಯನ್ನೂ ಹೊಡೆಸಿದ್ದಳು. ಈಗ ಪಕ್ಕದಲ್ಲೇ ಕೂತವಳು ಬಾಯಿ ತೆರೆಯುತ್ತಾಳೆ, ಉಗಿದು ಉಪ್ಪಿನಕಾಯಿ ಹಾಕುತ್ತಾಳೆ ಎಂದು ಕಾದಳು. ಓರಗಿತ್ತಿ ನೆಲ ನೋಡುತ್ತಾ ಕೂತಿದ್ದಳು. ಮನೆಗೆ ಬರುವ ದಾರಿಯಲ್ಲೂ ಆ ಮಾತು ಎತ್ತಲಿಲ್ಲ. ಅಷ್ಟು ಒಳ್ಳೆಯ ಅವಕಾಶವನ್ನು ಅವಳು ಬಿಟ್ಟುಕೊಟ್ಟಳೆಂದರೆ ತನ್ನ ಕತೆ ಮುಗಿದಿದೆ ಎಂದೇ ಅರ್ಥ ಎಂದು ಜೋರಕ್ಕನಿಗೆ ಅವತ್ತೇ ಹೆದರಿಕೆ ಹುಟ್ಟಿತು.

ಆಮೇಲೆ ಮನೆಯ ದಿನಗಳು. ದಣಿವು ಜೋರಕ್ಕನಿಗೆ ಹೊಸದಲ್ಲ. ಮೂಟೆ ಎತ್ತಿದ ದಣಿವು ಅವಳಿಗೆ ಗೊತ್ತು, ಉಂಡು ಮಲಗಿ ಎದ್ದರೆ ಹೋಗುವಂಥದ್ದು. ಇದು ಹಾಗಲ್ಲ, ಅವಳು ಏಳುವ ಮೊದಲೇ ಎದ್ದು ಕಾಯುತ್ತಿತ್ತು. ತಲೆ ಬಾಚಲು ಕೈ ಎತ್ತಿದರೆ ಉಸಿರು ಸಾಲದು, ಬಾಚಣಿಗೆ ಕೂದಲಲ್ಲೇ ಬಿಟ್ಟು ಸುಧಾರಿಸಿಕೊಳ್ಳಬೇಕು. ಸ್ನಾನಕ್ಕೆ ಸ್ಟೂಲು ಬಂತು. ಉಣ್ಣುವಾಗ ಮಾತಾಡುವ ಹಾಗಿಲ್ಲ, ನಡೆಯುವಾಗ ಮಾತಾಡುವ ಹಾಗಿಲ್ಲ. ಮೂಗಿನಿಂದ ಒಳಗೆ, ತುಟಿ ಚೂಪು ಮಾಡಿ ನಿಧಾನಕ್ಕೆ ಹೊರಗೆ, ಇದನ್ನು ಆಸ್ಪತ್ರೆಯವರು ಕಲಿಸಿದ್ದರು. ಈ ವಯಸ್ಸಿನಲ್ಲಿ ಉಸಿರಾಡುವುದನ್ನು ಇನ್ನೊಬ್ಬರ ಹತ್ತಿರ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಅವಳಿಗೆ ರೇಗುತ್ತಿತ್ತು. ರೇಗಲಿಕ್ಕೂ ಉಸಿರು ಬೇಕು, ಅದೊಂದು ಕಷ್ಟ.

ಇದಕ್ಕಿಂತ ಹೆಚ್ಚು ಜೀವ ಹಿಂಡಿದ್ದು ಮನೆಯವರ ಒಳ್ಳೆಯತನ. ಗಂಡ ಪಿಸುಮಾತಿನಲ್ಲಿ ಮಾತಾಡತೊಡಗಿದ. ಅವಳು ಬಾಗಿಲಿಗೆ ಬಂದರೆ ಬೀದಿಯವರು ಮಾತು ನಿಲ್ಲಿಸಿ, ತಲೆ ವಾಲಿಸಿ, "ಹೇಗಿದೀರಮ್ಮಾ" ಅನ್ನುತ್ತಿದ್ದರು. ಅವಳನ್ನು ಈಗ ಯಾರೂ ಜೋರಕ್ಕ ಎಂದು ಕರೆಯುತ್ತಿರಲಿಲ್ಲ. ಓರಗಿತ್ತಿಯಂತೂ ಎಲ್ಲದಕ್ಕೂ ಹೂಂಗುಟ್ಟುವ ಯಂತ್ರವಾಗಿಬಿಟ್ಟಳು. ಸುಮ್ಮನೆ ಕಾಲು ಕೆರೆಯೋಣವೆಂದು ಜೋರಕ್ಕ ಒಂದು ದಿನ, "ನಿನ್ನ ಕೈಲಿ ಹಿಟ್ಟು ಮರಳಿನ ಹಾಗೆ ಬರ್ತಿದೆಯಂತೆ, ಜನ ಹೇಳಿದ್ರು" ಎಂದಳು. ಯಾರೂ ಹೇಳಿರಲಿಲ್ಲ.

"ಹೌದಕ್ಕ, ಕಲ್ಲು ಸರಿ ಮಾಡಿಸ್ತೀನಿ."

"ನನ್ನ ಮದುವೆ ಸೀರೆ ಹರಿದದ್ದು ನೀನೇ."

"ಇರಬಹುದಕ್ಕ."

ಆ ಸೀರೆಯನ್ನು ಓರಗಿತ್ತಿ ಮುಟ್ಟಿದ್ದೇ ಇಲ್ಲ. ಇಲಿ ಕಡಿದದ್ದು ಇಬ್ಬರಿಗೂ ಗೊತ್ತು, ಅದರ ಮೇಲೂ ಹಿಂದೆ ಒಂದು ವಾರ ಜಗಳ ನಡೆದಿತ್ತು. ಜೋರಕ್ಕ ಗೋಡೆ ಕಡೆ ತಿರುಗಿ ಮಲಗಿ ಅತ್ತಳು. ಅತ್ತರೆ ಕೆಮ್ಮು ಬರುತ್ತದೆಂದು ಅದನ್ನೂ ಅರ್ಧಕ್ಕೇ ನಿಲ್ಲಿಸಿದಳು.

ಒಂದು ಬೆಳಗ್ಗೆ ಚಹಾ ಕುಡಿಯುತ್ತಾ, "ನಾನು ನಾಳೆಯಿಂದ ಗಿರಣಿಗೆ ಹೋಗ್ತೀನಿ" ಎಂದಳು. ಗಂಡ ಹೌಹಾರಿ ಬೇಡ ಅನ್ನುತ್ತಾನೆಂದುಕೊಂಡಿದ್ದಳು. ಅವನು ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಅಡುಗೆಮನೆಯಲ್ಲಿ ಅವನು ತಮ್ಮನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಪಿಸುಮಾತೂ ಅವನಿಗೆ ನೆಟ್ಟಗೆ ಬಾರದು.

"ಹೋಗ್ಲಿ ಬಿಡು. ಆಸೆ ಪಡ್ತಿದಾಳೆ. ಇನ್ನೆಷ್ಟು ದಿನವೋ ಏನೋ, ಮನಸ್ಸು ನೋಯಿಸೋದು ಬೇಡ."

ರಾತ್ರಿಯೆಲ್ಲ ಆ ಮಾತು ಅವಳ ಎದೆಯ ಮೇಲೆ ಕೂತಿತ್ತು. ಬೆಳಗ್ಗೆ ಹಟಕ್ಕೆ ಬಿದ್ದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಗಿರಣಿ ಬೀದಿಯ ತಿರುವಿನಲ್ಲೇ ಇದೆ, ಆದರೂ ಇಸ್ತ್ರಿ ಅಂಗಡಿಯ ಮುಂದೆ ಒಮ್ಮೆ, ನಲ್ಲಿಯ ಹತ್ತಿರ ಒಮ್ಮೆ ನಿಲ್ಲಬೇಕಾಯಿತು. ಅಂಗಡಿಯವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಏನಾದರೂ ಆದೀತೆಂದು ಹಿಂದೆಯೇ ಬಂದ. ಯಾರೂ ತಡೆಯಲಿಲ್ಲ. ತಡೆಯಲಿ ಎಂದೇ ಅವಳು ಅಷ್ಟು ನಿಧಾನಕ್ಕೆ ನಡೆದದ್ದು.

ಅವತ್ತು ಮೆಣಸಿನಕಾಯಿ ಬೀಸುತ್ತಿದ್ದರು. ಬಾಗಿಲಿನಿಂದಲೇ ಘಾಟು ಬಂತು. ಓರಗಿತ್ತಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಪಕ್ಕ ನಿಂತಿದ್ದಳು, ಕಣ್ಣೆರಡೂ ಕೆಂಪು.

"ಸರಿ ಅತ್ಲಾಗೆ" ಎಂದಳು ಜೋರಕ್ಕ ಹೊಸಿಲಲ್ಲಿ ನಿಂತು. "ನಾನು ಬೀಸ್ತೀನಿ."

ಓರಗಿತ್ತಿ ಸ್ವಿಚ್ಚು ಆರಿಸಿದಳು. ಬೆಲ್ಟು ಸುಸ್ತಾಗಿ ನಿಂತಿತು. ಜೋರಕ್ಕನಿಗೆ ನಿಜವಾಗಿ ಭಯವಾಯಿತು. ಈಗ ಇವಳೂ 'ಹೂಂ ಅಕ್ಕ' ಎಂದು ದಾರಿ ಬಿಟ್ಟರೆ ಒಳಗೆ ಹೋಗದೆ ವಿಧಿಯಿಲ್ಲ. ಹೋದರೆ ಏನಾಗುತ್ತದೆಂದು ಅವಳ ಎದೆಗೆ ಗೊತ್ತಿತ್ತು. ಬೇಡ ಅನ್ನೇ, ಒಂದು ಸಲ ಬೇಡ ಅನ್ನು ಎಂದು ಒಳಗೇ ಗೋಗರೆದಳು. ಬಾಯಿ ಮಾತ್ರ, "ಏನು ನೋಡ್ತೀಯಾ? ಸರಿ ಅಂದ್ನಲ್ಲ" ಎಂದಿತು.

ಓರಗಿತ್ತಿ ಮುಖದ ಬಟ್ಟೆ ಕಿತ್ತು ಬಾಗಿಲಿಗೆ ಬಂದಳು. ಚೌಕಟ್ಟಿಗೆ ಎರಡೂ ಕೈ ಅಡ್ಡ ಹಾಕಿದಳು.

"ತಲೆ ಕೆಟ್ಟಿದೆಯಾ ನಿನಗೆ? ಸಾಯೋಕೆ ಬೇರೆ ಜಾಗ ಸಿಗಲಿಲ್ವಾ, ನನ್ನ ಕಣ್ಣ ಮುಂದೇನೇ ಆಗ್ಬೇಕಾ? ಪಾಪ ಪಾಪ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ರೆ ತಲೆ ಮೇಲೆ ಹತ್ತಿ ಕೂತ್ಯಲ್ಲ! ಕಿಟಕಿ ತೆಗಿ, ಕಿಟಕಿ ತೆಗಿ ಅಂತ ಎಷ್ಟು ವರ್ಷ ಬಡ್ಕೊಂಡೆ. ನೀನು ಹಿಟ್ಟು ಹಾರುತ್ತೆ ಅಂದೆ. ಜನರ ಡಬ್ಬೀಲಿ ಒಂದು ಹಿಡಿ ಕಮ್ಮಿಯಾದ್ರೆ ಮರ್ಯಾದೆ ಹೋಗುತ್ತೆ ಅಂದೆ. ನೋಡು ಈಗ, ಆ ಹಿಡಿ ಹಿಟ್ಟೆಲ್ಲ ಎಲ್ಲಿ ಹೋಗಿ ಕೂತಿದೆ ಅಂತ!"

ಮುಖಕ್ಕೆ ಹೊಡೆದ ಹಾಗಿತ್ತು. ಜೋರಕ್ಕನಿಗೆ ಕಾಲಿನಿಂದ ತಲೆಯವರೆಗೆ ಸಿಟ್ಟು ಏರಿತು. ಎಷ್ಟೋ ದಿನದ ಮೇಲೆ ಮೈಯಲ್ಲಿ ಜೀವ ಇದೆ ಅನ್ನಿಸಿತು.

"ನಾನೊಬ್ಬಳೇ ಏನೇ ಮುಚ್ಚಿದ್ದು? ನಿನಗೆ ಕೈ ಇರಲಿಲ್ವಾ? ಮೊಳೆ ಕಿತ್ತು ಹಾಕೋಕೆ... ನಿಮ್ಮಪ್ಪನ ಮನೆಯಿಂದ ಜನ ಬರಬೇಕಿತ್ತಾ? ಅಷ್ಟು ಗೊತ್ತಿದ್ದೋಳು... ನೀನೂ... ನೀನೂ..."

ಉಸಿರು ಮುಗಿಯಿತು. ಹೊಸಿಲ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ಬೆನ್ನ ಹಿಂದಿದ್ದ ಇಸ್ತ್ರಿ ಅಂಗಡಿಯವನು ಮುಂದೆ ಬಂದ.

"ಏನಮ್ಮಾ ನೀನು, ಹುಷಾರಿಲ್ಲದವರ ಜೊತೆ ಹೀಗಾ ಮಾತಾಡೋದು? ಬಿಟ್ಬಿಡು, ಪಾಪ."

"ನೀವು ಸುಮ್ನಿರಿ" ಎಂದಳು ಓರಗಿತ್ತಿ. "ಅಕ್ಕನ ಮಾತು ಇನ್ನೂ ಮುಗಿದಿಲ್ಲ."

ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ, ಬಾಗಿಲಿಗೆ ಅಡ್ಡವಾಗಿ ಅದರ ಮೇಲೆ ಕೂತಳು. ಮುಖ ಗಂಟು ಹಾಕಿಕೊಂಡೇ ಇದ್ದಳು. ನೀರು ತರಲಿಲ್ಲ, ಬೆನ್ನು ಸವರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಕಾದಳು. ಜೋರಕ್ಕ ಮೂಗಿನಿಂದ ಎಳೆದಳು, ತುಟಿ ಚೂಪು ಮಾಡಿ ಬಿಟ್ಟಳು. ಮತ್ತೆ ಎಳೆದಳು. ಡಬ್ಬಿ ಹಿಡಿದು ಬಂದವರು ಒಬ್ಬೊಬ್ಬರೇ ಹಿಂದೆ ಸಾಲು ನಿಂತರು, ಯಾರೂ ಸರಿಯಿರಿ ಅನ್ನಲಿಲ್ಲ. ಇನ್ನು ಈ ಗಿರಣಿಯ ಒಳಗೆ ತಾನು ಕಾಲಿಡುವುದಿಲ್ಲ ಎಂದು ಜೋರಕ್ಕನಿಗೆ ಅಲ್ಲಿ ಕೂತಾಗ ಖಚಿತವಾಯಿತು. ಸಂಕಟವಾಯಿತು, ಕಣ್ಣೂ ತುಂಬಿತು. ಆದರೆ ಎದುರಿಗೆ ಕೂತವಳ ಕಣ್ಣಲ್ಲಿ ತಾನು ಸತ್ತಿಲ್ಲ ಎಂದು ಅಷ್ಟೇ ಖಚಿತವಾಯಿತು.

ಕೊನೆಗೆ ಮಾತು ಬಂತು, ತುಂಡು ತುಂಡಾಗಿ.

"ನೀನೂ... ಅದೇ ಹಿಟ್ಟು ಕುಡಿದಿದ್ದೀಯ. ಅದೇ ಕೋಣೇಲಿ. ನಾಳೆ ಹೋಗಿ... ಆ ನಳಿಗೆ ನೀನೂ ಊದಿ ಬಾ."

ಓರಗಿತ್ತಿ ಕೈಯಲ್ಲಿದ್ದ, ಮೆಣಸಿನಪುಡಿಗೆ ಕೆಂಪಾದ ಬಟ್ಟೆಯನ್ನು ನೋಡಿದಳು, ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡಳು, ಮೆಣಸಿನಕಾಯಿಯ ಘಾಟಿನ ಮೇಲೆ ತಪ್ಪು ಹೊರಿಸುವವಳ ಹಾಗೆ ಒಮ್ಮೆ ಒಳಗೆ ತಿರುಗಿ ನೋಡಿದಳು.

"ಊದ್ತೀನಿ" ಎಂದಳು. "ಮೊದಲು ನೀನು ಈ ಘಾಟು ಬಿಟ್ಟು ಆಚೆ ಹೋಗಿ ಕೂತ್ಕೋ. ಇಲ್ಲಾಂದ್ರೆ ಕಾಲು ಮುರೀತೀನಿ."

"ಹೋಗಲ್ಲ, ಏನು ಮಾಡ್ತೀಯೋ ಮಾಡೇ ಹುಡುಗಿ" ಎಂದಳು ಜೋರಕ್ಕ. ಗೋಡೆ ಹಿಡಿದು ಎದ್ದು, ರಸ್ತೆ ದಾಟಿ, ಗಾಳಿ ಬರುವ ಕಡೆ ಹೋಗಿ ಕೂತಳು.