ಮೂರು ಕೇಬಲ್ಲು, ಒಂದೇ ತಗ್ಗು

ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದಾಗ ಆಳಂದದಿಂದ ಫೋನ್ ಬಂತು. ಆಪಾ ಬೆಳಗಿನ ಜಾವ ತೀರಿಹೋದರಂತೆ. ಫೋನ್ ಕೆಳಗಿಟ್ಟೆ. ಮೊದಲು ಕಣ್ಣಿಗೆ ಬಂದದ್ದು ಅವರ ಬೆರಳುಗಳು. ಬರೀ ತುದಿಗಷ್ಟೇ ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಬೆರಳುಗಳನ್ನು ನೆಲಕ್ಕೊತ್ತಿ, ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ ಸುಮ್ಮನೆ ಕೂತುಬಿಡುತ್ತಿದ್ದರು.

ಅಫಜಲಪುರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅವರು ಬಾಡಿಗೆಗಿದ್ದರು. ಡಿಪ್ಲೊಮಾ ಕಾಲೇಜಿನಲ್ಲಿ ಕರೆಂಟಿನ ಪಾಠ ಹೇಳುತ್ತಿದ್ದರು. ನನಗಿಂತ ದೊಡ್ಡವರು, ಅದಕ್ಕೇ ಆಪಾ. ಅವರಿಗೆ ನಾನು ತಂಗಿ. ನಾನು ಲಿಂಗಪೂಜೆಗೆ ಕೂತರೆ ಅವರು ರೇಡಿಯೋ ಸಣ್ಣಗೆ ಮಾಡುತ್ತಿದ್ದರು, ಅವರು ನಮಾಜಿಗೆ ನಿಂತರೆ ನಾನು ಭಾಂಡೆ ತಿಕ್ಕುವುದನ್ನು ನಿಲ್ಲಿಸುತ್ತಿದ್ದೆ. ಯಾರೂ ಯಾರಿಗೂ ಹೇಳಿರಲಿಲ್ಲ. ಅಂಥ ಬಾಡಿಗೆಯವರು ಸಿಕ್ಕಿದ್ದೂ ದೇವರ ದಯೆಯೇ.

ಸಂಜೆ ಲ್ಯಾಪ್‌ಟಾಪ್ ತೆರೆದು ಮಣ್ಣಿನ ಚಿತ್ರ ತೋರಿಸುತ್ತಿದ್ದರು. ಒಂದು ಚೌಕ, ಅದರೊಳಗೆ ಹುಗಿದ ಕೇಬಲ್ಲು, ಸುತ್ತ ಮಣ್ಣಿನ ಬಿಸಿ ತೋರಿಸುವ ಕೆಂಪು, ಹಳದಿ, ನೀಲಿ ಬಣ್ಣಗಳು.

"ಭೂಮಿ ಎಲ್ಲೂ ಮುಗಿಯೂದಿಲ್ಲ ತಂಗಿ. ಆದ್ರ ಈ ಕಂಪ್ಯೂಟರಿಗೆ ಎಲ್ಲ್ಯರ ಒಂದು ಅಂಚು ಹಾಕಿಕೊಡಬೇಕು. ಆ ಅಂಚಿನಾಗ ಬಿಸಿ ಎಷ್ಟದ, ಮ್ಯಾಲಿನ ಗಾಳಿ ಅದನ್ನ ಎಷ್ಟು ಒಯ್ತದ, ಅದನ್ನೂ ನಾವೇ ಹೇಳಬೇಕು. ಅಲ್ಲಿ ಸುಳ್ಳು ಹೇಳಿದ್ರ, ಒಳಗಿನ ಲೆಕ್ಕ ಎಷ್ಟು ಸರಿ ಇದ್ರೂ ಉತ್ತರ ಸುಳ್ಳೇ ಬರ್ತದ."

ಆ ವರ್ಷ ಅತನೂರಿನಲ್ಲಿ ನಮ್ಮ ಹೊಲ ಪಾಲಾಗಿತ್ತು. ನಮ್ಮವರು, ಇಬ್ಬರು ಮೈದುನರು, ಮೂವರದೂ ಬೇರೆ ಬೇರೆ ಮೋಟಾರು, ಬಾವಿ ಮಾತ್ರ ಒಂದೇ. ಮಾವನವರು ಒಂದೇ ಹಟ ಹಿಡಿದಿದ್ದರು: "ನೆಲ ಹೋಳಾತು, ಹೋಗ್ಲಿ. ಕೇಬಲ್ಲರ ಒಂದೇ ತಗ್ಗಿನಾಗ, ಕೂಡಿ ಹೋಗ್ಲಿ." ಮೂರನ್ನೂ ಜೋಡಿಸಿ ಕಟ್ಟಿ ಹುಗಿಯುವುದೆಂದಾಯಿತು. ಸಣ್ಣ ಮೈದುನ ಮನೆಗೆ ಬಂದು ಆಪಾನನ್ನು ಕೇಳಿದ. ಅವರು ಲೆಕ್ಕ ಹಾಕಿ, ನಡೆಯುತ್ತದೆ ಎಂದರು.

ಮರುವಾರ ಒಂದು ಮುಂಜಾನೆ ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಆಪಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತವರು ಹಾಗೇ ನೋಡುತ್ತಿದ್ದರು. ಲೆಕ್ಕಕ್ಕೆ ಮಣ್ಣಿನ ಬಿಸಿ ಅಳೆಯಲು ಅವರು ಉಷ್ಣಮಾಪಕ ಹುಗಿದಿದ್ದದ್ದು ಅಲ್ಲೇ, ಬೇವಿನ ಗಿಡದ ನೆರಳಿನಲ್ಲಿ.

"ದಿನಾ ಹೊಡೀತಿಯೇನು?"

"ಎರಡೂ ಹೊತ್ತು. ಹೊಡೀಲಾರದ ರಂಗೋಲಿ ಹ್ಯಾಂಗ ಹಾಕ್ಲಿ ಆಪಾ?"

ಅವರು ಚಹಾ ಕುಡಿಯಲಿಲ್ಲ. ಒಳಗೆ ಹೋಗಿ ಮತ್ತೆ ಲೆಕ್ಕಕ್ಕೆ ಕೂತರು. ಮೇಲಿನ ಅಂಚಿಗೆ ಈ ಸಲ ಬಯಲಿನ ಬಿಸಿಲು ಕೊಟ್ಟರು, ಕೆಳಗೆ ಬೇಸಿಗೆಗೆ ಒಣಗಿ ಬಿರಿಯುವ ಎರೆಮಣ್ಣು ಕೊಟ್ಟರು. ಚಿತ್ರ ಪೂರ್ತಿ ಕೆಂಪಾಯಿತು. ಕಾಲೇಜಿಗೆ ರಜೆ ಹೇಳಿ, ನನ್ನನ್ನೂ ಹೊರಡಿಸಿಕೊಂಡು ಅತನೂರಿನ ಟಂಟಂ ಹತ್ತಿದರು. ಫೋನಿನಲ್ಲೇ ಹೇಳಬಹುದಲ್ಲ ಎಂದೆ. "ತಪ್ಪು ಹೇಳಿದ್ದು ಎದುರಿಗೆ. ಒಪ್ಕೊಳ್ಳೂದೂ ಎದುರಿಗೇ ಆಗ್ಲಿ" ಎಂದರು.

ಹೊಲದಲ್ಲಿ ತಗ್ಗು ತೋಡಿ ಮುಗಿದಿತ್ತು. ಮಾತು ಕೇಳಿ ಸಣ್ಣ ಮೈದುನ ನಕ್ಕ. "ಮೊನ್ನಿ ನೀವೇ ನಡೀತದ ಅಂದಿದ್ರಿ. ಕಂಪ್ಯೂಟರಿಗೆ ಜ್ವರ ಬಂತೇನ್ರಿ ಆಪಾ?"

"ಅದಕ್ಕೇನೂ ಆಗಿಲ್ಲಪ. ನಿಮ್ಮ ಹೊಲ ಅಂತ ಹೇಳಿ ನಾನೇ ಅದಕ್ಕ ನಿಮ್ಮ ವೈನಿ ನೀರು ಹೊಡದ ಅಂಗಳ ಕೊಟ್ಟಿದ್ದೆ. ಇಲ್ಲಿ ಕಟ್ಟಿ ಹುಗದ್ರ ಒಂದರ ಬಿಸಿ ಇನ್ನೊಂದಕ್ಕ ಹತ್ತಿ, ಬ್ಯಾಸಗ್ಯಾಗ ಮೂರೂ ಸುಡ್ತಾವ. ಕಬ್ಬು ನಿಂತಲ್ಲೇ ಒಣಗ್ತದ."

ಮಾವನವರ ಮುಖ ಬಿಗಿಯಾಯಿತು. "ಅಂದ್ರ ಇದನ್ನೂ ಬ್ಯಾರೆ ಮಾಡು ಅಂತೀಯೇನವಾ?"

ಆಪಾ ತಗ್ಗಿನ ದಂಡೆಯಲ್ಲಿ ಕೂತು ಮಣ್ಣು ಮುಟ್ಟಿದರು. "ಇಲ್ಲ ಕಾಕಾ. ತಗ್ಗು ಒಂದೇ ಇರ್ಲಿ. ಅಗಲ ಮಾಡ್ರಿ. ನಡುನಡುವ ಒಂದೊಂದು ಮೊಳ ಮಣ್ಣು ಬಿಡ್ರಿ, ಸಾಕು. ಕೂಡೇ ಹೋಗ್ತಾವ, ಸುಡೂದಿಲ್ಲ."

ಮಾವನವರು ತಗ್ಗಿನ ದಂಡೆಗುಂಟ ಒಮ್ಮೆ ನಡೆದು ಬಂದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಏನ್ ನೋಡಾಕತ್ತೀರಿ ಲೇ, ಸಲಿಕಿ ತಗೋರಿ" ಎಂದರು.

ಮುಂದೆ ಆಪಾಗೆ ಆಳಂದಕ್ಕೆ ವರ್ಗವಾಯಿತು. ಫೋನ್ ಮಾಡಿದಾಗಲೆಲ್ಲ "ಕಬ್ಬು ನೋಡ್ಲಿಕ್ಕೆ ಬರ್ತೇನಿ ತಂಗಿ" ಎನ್ನುತ್ತಿದ್ದರು. ಒಮ್ಮೆ ಪರೀಕ್ಷೆ ಬಂತು, ಒಮ್ಮೆ ಮೊಣಕಾಲು ನೋವು. ನಾನಾದರೂ ಹೋಗಬಹುದಿತ್ತು. ಆಳಂದವೇನು ಕಾಶಿಯೇ? ಖೋಲಿಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಆದರೂ ಸಂಜೆ ಆ ಬಾಗಿಲ ಸಪ್ಪಳವಾದರೆ ಈಗಲೂ ತಿರುಗಿ ನೋಡುತ್ತೇನೆ.

ಸಣ್ಣ ಮೈದುನನಿಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ. ಅವನು ಹೊಲದಲ್ಲಿದ್ದ. ಹಿಂದೆ ನೀರು ಬೀಳುವ ಸಪ್ಪಳ ಕೇಳಿಸುತ್ತಿತ್ತು. "ಮೂರೂ ಮೋಟಾರು ಚಾಲೂ ಅವ ವೈನಿ" ಎಂದ.

ಮಾಳಿಗೆಯ ಮೇಲೆ ಜೋಳ ಒಣಹಾಕಿದ್ದೆ. ಹೊರಳಿಸುವ ಹೊತ್ತಾಗಿತ್ತು. ಎದ್ದು ಮೇಲೆ ಹೋದೆ.