ವಿಮಾನ ಬಿಟ್ಟು ಬರಲಾಗದ ಸೋದರಮಾವ

ನನ್ನ ತಮ್ಮ ಮುನೀಂದ್ರನ ವಿಷಯ ತೂಬಗೆರೆ ಕಡೆ ಯಾರನ್ನು ಕೇಳಿದರೂ ಒಂದೇ ಮಾತು: "ಏರ್‌ಪೋರ್ಟ್ ಮುನೀಂದ್ರನಾ? ಹುಡುಗ ಚಿನ್ನ, ಆದ್ರೆ ಕೈಗೆ ಸಿಗಲ್ಲ." ಒಡಹುಟ್ಟಿದ ನಾನೂ ಅದನ್ನೇ ಹೇಳಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅವನು ಮೆಕ್ಯಾನಿಕ್. ಅವನೇ ವಿಮಾನ ಓಡಿಸುತ್ತಾನೆಂದು ತಿಳಿದು ಹೆಣ್ಣು ಕೊಡಲು ಬಂದವರೂ ಉಂಟು. ಅವರಿಗೆ ಕಾಫಿ ಕೊಟ್ಟು, ಓಡಿಸುವುದಲ್ಲ, ಕೆಟ್ಟು ನಿಂತದ್ದನ್ನು ರಿಪೇರಿ ಮಾಡುವುದು ಎಂದು ನಾನೇ ಬಿಡಿಸಿ ಹೇಳಿ ಕಳಿಸಿದ್ದೇನೆ.

ಅವನು ಹುಟ್ಟಿದ ವರ್ಷವೇ ನಮ್ಮವ್ವ ಹೋದಳು. ನಾನಿನ್ನೂ ಲಂಗ ಹಾಕುವ ಹುಡುಗಿ. ಅವನನ್ನು ಸೊಂಟದಿಂದ ಇಳಿಸಿದ್ದೇ ಇಲ್ಲ ಅನ್ನಿ. ಮದುವೆಯಾಗಿ ಬರುವಾಗಲೂ ಜೊತೆಗೇ ಕರೆತಂದೆ. ನನ್ನ ಯಜಮಾನರು ಆವಲಪ್ಪ ಅದಕ್ಕೆ ಒಂದು ದಿನ ಒಂದು ಮಾತು ಆಡಿದವರಲ್ಲ. ದೊಡ್ಡಬಳ್ಳಾಪುರದಲ್ಲಿ ಐಟಿಐ ಓದಿಸಿದರು, ಆಮೇಲೆ ವಿಮಾನದ ಕೆಲಸದ ತರಬೇತಿಗೂ ಕಳಿಸಿದರು. ನಮ್ಮ ಮಗಳು ಯಶಸ್ವಿನಿ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಅವರು ತೀರಿಕೊಂಡರು. ಆವತ್ತಿನಿಂದ ಅವಳ ಫೀಸು, ಬಟ್ಟೆ, ಜ್ವರ, ಹಟ ಎಲ್ಲ ಮುನೀಂದ್ರನ ಪಾಲಿಗೆ ಬಿತ್ತು. ಅವಳು ದೊಡ್ಡವಳಾದಾಗ ಹಿರಿಯರು, "ಅಕ್ಕನ ಮಗಳನ್ನೇ ಮಾಡ್ಕೊಳಪ್ಪ, ಎಲ್ಲಾ ಮನೇಲೇ ಇರುತ್ತೆ" ಎಂದರು. "ಎತ್ತಿ ಆಡಿಸಿದ ಕೂಸು ಕಣ್ರೀ ಅದು. ಕೇಳೋಕೆ ನಿಮಗೆ ನಾಚ್ಕೆ ಆಗಲ್ವಾ?" ಎಂದು ಎದ್ದು ಹೋಗಿದ್ದ. ಅವಳ ಮದುವೆ ಮುಗಿಯುವ ತನಕ ತನ್ನ ಮದುವೆಯ ಮಾತನ್ನೂ ಎತ್ತಲು ಬಿಡಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ಆ ಹೊಸ ವಿಮಾನ ಬರುವ ತನಕ. ಎಲ್ಲಿಯೂ ಇಳಿಯದೆ ನೇರವಾಗಿ ಪರದೇಶ ಮುಟ್ಟಿಸುವ ಭಾರಿ ವಿಮಾನವಂತೆ. ಬಂದ ಹೊಸದರಲ್ಲಿ ಇವನು ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದ್ದೇ ತೋರಿಸಿದ್ದು. ಸ್ವಲ್ಪ ದಿನಕ್ಕೆ ಅದರ ವರಸೆ ಶುರುವಾಯಿತು. ಒಂದು ದಿನ ಏನೂ ಆಗದಿದ್ದರೂ ಎಚ್ಚರಿಕೆ ದೀಪ ಹತ್ತಿಕೊಳ್ಳುವುದು, ಇನ್ನೊಂದು ದಿನ ನಿಜವಾಗಿಯೂ ಏನೋ ಸೋರುವುದು, ಮತ್ತೊಂದು ದಿನ ಜನರನ್ನೆಲ್ಲ ಕೂರಿಸಿಕೊಂಡು ರನ್‌ವೇ ತನಕ ಹೋಗಿ ವಾಪಸ್ಸು ಬರುವುದು. ಬಿಡಿಭಾಗ ಬೇಕೆಂದರೆ ಪರದೇಶದಿಂದಲೇ ಬರಬೇಕು. ಅಲ್ಲಿಯವರೆಗೆ ಪ್ರಯಾಣಿಕರು ಕೌಂಟರಿನ ಮುಂದೆ ಕೂಗಾಡುವುದು, ಇವನು ಮನೆ ಮರೆಯುವುದು.

"ಹೊಸದು ಕಣಕ್ಕ, ಅದರ ಗುಣ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಪಳಗ್ಬೇಕು" ಎನ್ನುತ್ತಿದ್ದ.

"ಅದಕ್ಕಿಂತ ನಮ್ ಹಳೇ ಟಿಲ್ಲರ್ ವಾಸಿ ಕಣೋ. ಒದ್ರೆ ಸ್ಟಾರ್ಟ್ ಆಗುತ್ತೆ."

ಯುಗಾದಿಗೆ ಒಬ್ಬಟ್ಟು ಮಾಡಿ ಎಲೆ ಹಾಕಿದರೆ ಫೋನು. ಪಿತೃಪಕ್ಷದಲ್ಲಿ ಅವ್ವನಿಗೆ ಎಡೆ ಇಟ್ಟರೆ ಫೋನು. ನನ್ನ ಬಾಯಿ ಮೊದಲೇ ಸುಮ್ಮನಿರುವುದಲ್ಲ. ಆ ವಿಮಾನಕ್ಕೆ ನಾನು ಬೈದಷ್ಟು ಅದನ್ನು ಹತ್ತಿ ಕಾದವರೂ ಬೈದಿರಲಿಕ್ಕಿಲ್ಲ.

ಯಶಸ್ವಿನಿಗೆ ಹೊಸಕೋಟೆ ಕಡೆಯ ರಾಮಾಂಜಿನಪ್ಪನವರ ಮಗ ಅಂಬರೀಶ್ ಗೊತ್ತಾದ. ಮದುವೆ ದೊಡ್ಡಬಳ್ಳಾಪುರದ ಛತ್ರದಲ್ಲಿ, ನಡುಮಧ್ಯಾಹ್ನದ ಅಭಿಜಿನ್ ಲಗ್ನ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಅಪ್ಪ ಇದ್ದರೂ ಆ ಹಕ್ಕು ಮಾವನದೇ. ಅಪ್ಪನಿಲ್ಲದ ನನ್ನ ಮಗಳಿಗಂತೂ ಮುನೀಂದ್ರ ಬಿಟ್ಟರೆ ಇನ್ನು ಯಾರು? ಅವನು ರಜೆ ಹಾಕಿಯೂ ಇದ್ದ. ಆದರೆ ಹಿಂದಿನ ದಿನ ಆ ಹಾಳಾದ್ದು ಮತ್ತೆ ಕೆಟ್ಟು ನಿಂತಿತು. ಜೊತೆಯವನು ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾನೆಂದು ಇವನಿಗೇ ಕರೆ ಬಂತು. "ನಾಳೆ ಧಾರೆ ಹೊತ್ತಿಗೆ ಬಂದ್ಬಿಡ್ತೀನಿ ಅಕ್ಕ" ಎಂದು ಹೇಳಿ ಹೋದ.

ಬೆಳಿಗ್ಗೆ ಆಯಿತು. ಗಂಡಿನ ಕಡೆಯವರು ತಿಂಡಿ ತಿಂದರು, ವರಪೂಜೆ ಮುಗಿಯಿತು. ಮುನೀಂದ್ರನ ಸುಳಿವಿಲ್ಲ, ಫೋನು ಎತ್ತುತ್ತಿಲ್ಲ. ನಾನು ಗಂಡ ಸತ್ತವಳು. ಚಪ್ಪರದ ದಿನದಿಂದಲೂ ಶಾಸ್ತ್ರ ನಡೆಯುವ ಕಡೆ ಸುಳಿಯದೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ದೂರ ನಿಲ್ಲು ಎಂದು ಯಾರೂ ಅಂದಿರಲಿಲ್ಲ. ಅನ್ನಿಸಿಕೊಳ್ಳುವ ಮೊದಲೇ ನಿಲ್ಲುವುದನ್ನು ಇಷ್ಟು ವರ್ಷದಲ್ಲಿ ಕಲಿತುಬಿಟ್ಟಿದ್ದೆ.

ನನ್ನ ತವರಿನ ದಾಯಾದಿ ಬೈರೇಶ್ ಮಾತ್ರ ಹೊಸ ರೇಷ್ಮೆ ಪಂಚೆ ಉಟ್ಟು ತಯಾರಾಗಿ ನಿಂತಿದ್ದ. "ನಾನೂ ವರಸೇಲಿ ಮಾವನೇ ಅಲ್ವಾ? ನಾನೇ ಕರ್ಕೊಂಡ್ ಬರ್ತೀನಿ ಬಿಡು" ಎಂದು ಪೇಟವನ್ನೂ ಸರಿಮಾಡಿಕೊಂಡ. ವರ್ಷಕ್ಕೊಮ್ಮೆಯೂ ನಮ್ಮ ಹೊಸಿಲು ತುಳಿಯದವನು.

ಯಶಸ್ವಿನಿ ಕೋಣೆಯಿಂದಲೇ ಹೇಳಿ ಕಳಿಸಿದಳು: "ಮುನಿ ಮಾವ ಬರೋವರ್ಗೂ ನಾನು ಏಳಲ್ಲ. ಲಗ್ನ ಮೀರಿದ್ರೆ ಮೀರ್ಲಿ."

ಇದು ಬೀಗರ ಕಿವಿಗೆ ಬಿತ್ತು. ರಾಮಾಂಜಿನಪ್ಪನವರು ಮಾತು ಕಡಿಮೆಯ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲಿ. "ಮನೆ ಮದ್ವೆಗಿಂತ ದೊಡ್ಡ ಕೆಲಸ ಏನ್ರೀ ಅವನಿಗೆ? ನಮ್ಮನ್ನ ಏನು ಅಂದ್ಕೊಂಡಿದ್ದೀರಾ?" ಎಂದು ಎದ್ದು ನಿಂತರು. ಪುರೋಹಿತರು ಗಡಿಯಾರ ನೋಡಿದರು. ಇವತ್ತು ಈ ಮದುವೆ ಮುರಿದರೆ ಅಪ್ಪನಿಲ್ಲದ ಹುಡುಗಿ ಎಂದು ಜನ ಅವಳನ್ನೇ ಆಡಿಕೊಳ್ಳುತ್ತಾರೆ.

ಆಗಲೇ ರಾಮಾಂಜಿನಪ್ಪನವರ ಮಗಳು ರೂಪಳ ಮೊಬೈಲಿಗೆ ಮೆಸೇಜು ಬಂತು. ಪರದೇಶದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ತಮ್ಮನ ಮದುವೆಗೆಂದು ಕೂಸಿನ ಜೊತೆ ಬಂದಿದ್ದಳು. ಅವತ್ತೇ ಸಂಜೆ ವಾಪಸ್ಸು ಹೊರಡಬೇಕಿತ್ತು. "ಅಪ್ಪಾ, ನಮ್ ವಿಮಾನ ಲೇಟಂತೆ. ಏನೋ ರಿಪೇರಿಯಂತೆ" ಎಂದಳು. ಬರುವಾಗಲೂ ಅದೇ ವಿಮಾನ ಅವಳನ್ನು ಒಂದಿಡೀ ದಿನ ಕಾಯಿಸಿತ್ತಂತೆ. ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಅದೇ ಶನಿ.

ಅಷ್ಟರಲ್ಲಿ ಮುನೀಂದ್ರನ ಫೋನು ಬಂತು. "ಅಕ್ಕ, ಬರೋಕಾಗ್ತಿಲ್ಲ. ಸೋರ್ತಿದ್ದ ಪೈಪ್ ಬಿಚ್ಚಿದೀನಿ, ಹೊಸದು ಈಗ ಬಂತು. ಕೂರಿಸಿ, ಸೋರಲ್ಲ ಅಂತ ನೋಡ್ದೆ ಹೆಂಗ್ ಬಿಟ್ ಬರ್ಲಿ?"

"ಹಾಳಾಗ್ ಹೋಗ್ಲಿ ಕಣೋ ನಿನ್ನ ವಿಮಾನ. ಇಲ್ಲಿ ಮಗು ಜೀವನ ಹೋಗ್ತಿದೆ."

"ಹುಳು ಹಣ್ಣಾಗಿದ್ದಾಗ ನೀನು ಬಿಟ್ಟು ಬಂದಿದ್ಯಾ ಅಕ್ಕ?"

ನಾವು ರೇಷ್ಮೆ ಹುಳು ಸಾಕುವವರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅವನ್ನು ಆರಿಸಿ ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡದೆ ಎದ್ದರೆ ಇಡೀ ಬೆಳೆ ಹೋಯಿತು. ಆ ಕಾರಣಕ್ಕೆ ಸ್ವಂತ ನಾದಿನಿಯ ಧಾರೆಗೇ ನಾನು ಹೋಗಿರಲಿಲ್ಲ, ಅತ್ತೆಯ ಮನೆಯವರು ವರ್ಷಗಟ್ಟಲೆ ಚುಚ್ಚಿದರೂ ಸರಿಯೆಂದು ಸುಮ್ಮನಿದ್ದೆ.

ರಾಮಾಂಜಿನಪ್ಪನವರು ಕೈ ಚಾಚಿದರು. "ಕೊಡಮ್ಮ ಇಲ್ಲಿ." ಸ್ಪೀಕರ್ ಹಾಕಿಸಿಕೊಂಡು ಕೇಳಿದರು: "ಏನಪ್ಪಾ, ನೀನು ಬಿಚ್ಚಿರೋದು ಸಾಯಂಕಾಲ ಪರದೇಶಕ್ಕೆ ಹೋಗೋ ವಿಮಾನವಾ?"

"ಹೌದು ಯಜಮಾನ್ರೇ."

"ನನ್ನ ಮಗಳು, ಮೊಮ್ಮಗು ಅದ್ರಲ್ಲೇ ಹೋಗೋದು. ಗೊತ್ತಿತ್ತಾ ನಿಂಗೆ?"

"ಗೊತ್ತಿರ್ಲಿಲ್ಲ. ಯಾರು ಹೋದ್ರೂ ಅಷ್ಟೇ ಅಲ್ವಾ?"

ರಾಮಾಂಜಿನಪ್ಪನವರು ಮೊಮ್ಮಗುವಿನ ತಲೆ ಸವರಿದರು. ಆಮೇಲೆ ಹೇಳಿದರು: "ನೀನು ಬರಬೇಡ ಕಣಪ್ಪಾ. ನೆಟ್ಟಗೆ ಮುಗಿಸು. ಹೆಣ್ಣನ್ನ ಯಾರು ಕರ್ಕೊಂಡ್ ಬರ್ಬೇಕು, ನೀನೇ ಹೇಳು. ನೀನು ಯಾರ ಹೆಸರು ಹೇಳಿದ್ರೂ ನಮಗೆ ಒಪ್ಪಿಗೆ."

ಬೈರೇಶ್ ಒಂದು ಹೆಜ್ಜೆ ಮುಂದೆ ಬಂದ.

"ನಮ್ಮಕ್ಕ ಕರ್ಕೊಂಡ್ ಬರ್ಲಿ" ಎಂದ ಮುನೀಂದ್ರ. "ನಮ್ಮವ್ವನ ಜಾಗದಲ್ಲಿ ನಿಂತವಳು ಅವಳು. ಭಾವ ಹೋದ್ಮೇಲೆ ಅವರ ಜಾಗದಲ್ಲೂ ನಿಂತ್ಲು. ನನ್ನ ಜಾಗದಲ್ಲೂ ಅವಳೇ ನಿಲ್ಲಲಿ."

ಹಿಂದಿನ ಸಾಲಿನಿಂದ ಯಾರೋ ಮುದುಕಿ, "ಗಂಡ ಇಲ್ದೋಳು ಕಣಪ್ಪ, ಧಾರೆ ಹೊತ್ತಲ್ಲಿ..." ಎಂದು ಶುರುಮಾಡಿದಳು. ನಾನೂ ಅಡುಗೆಮನೆ ಕಡೆ ತಿರುಗಿದ್ದೆ. ರಾಮಾಂಜಿನಪ್ಪನವರ ದನಿ ಕೇಳಿಸಿತು: "ಸೋದರಮಾವ ಹೇಳಿಯಾಯ್ತು, ಬೀಗ ಒಪ್ಪಿಯಾಯ್ತು. ಇನ್ನು ಯಾರನ್ನೂ ಕೇಳೋ ಹಂಗಿಲ್ಲ. ಬನ್ನಿ ಲಕ್ಷ್ಮೀದೇವಮ್ಮ, ಹೊತ್ತು ಮೀರ್ತಿದೆ."

ಯಶಸ್ವಿನಿ ಆಗಲೇ ಕೋಣೆಯಿಂದ ಹೊರಗೆ ಬಂದಿದ್ದಳು. ನನ್ನ ಕೈಯಲ್ಲಿ ಈರುಳ್ಳಿ ವಾಸನೆ, ಮೈಮೇಲೆ ಹಳೇ ನೂಲಿನ ಸೀರೆ. "ತೊಳ್ಕೊಂಡ್ ಬರ್ತೀನಿ ಇರು" ಎಂದೆ. ಅವಳು ಬಿಡಲಿಲ್ಲ. "ಹಂಗೇ ಬಾ ಅವ್ವ" ಎಂದು ಕೈಹಿಡಿದಳು. ನಾನು ಅವಳನ್ನು ಕರೆತಂದೆನೋ, ಅವಳು ನನ್ನನ್ನು ಕರೆತಂದಳೋ ಹೇಳಲಾರೆ. ಹಸೆಮಣೆಯ ಹತ್ತಿರ ಎಲ್ಲರ ಎದುರಿಗೆ ನಿಂತು ನನ್ನ ಮಗಳ ಕೊರಳಿಗೆ ತಾಳಿ ಬೀಳುವುದನ್ನು ಎರಡು ಕಣ್ಣಿಂದ ನೋಡಿದೆ. ಕೈಯಲ್ಲಿದ್ದ ಅಕ್ಷತೆಯನ್ನು ಹಾಕುವುದೇ ಮರೆತೆ. ರೂಪ ಪಕ್ಕದಿಂದ, "ಹಾಕಿ ಅತ್ತೆ, ಹಾಕಿ" ಎಂದು ನೆನಪಿಸಿದಳು.

ಊಟದ ಪಂಕ್ತಿಗಳೆಲ್ಲ ಮುಗಿದ ಮೇಲೆ ಮುನೀಂದ್ರ ಬಂದ. ಅದೇ ಯೂನಿಫಾರಂ, ತೋಳಿನ ತನಕ ಎಣ್ಣೆ ಕಲೆ. ವಿಮಾನ ಸರಿಯಾಗಿದೆ, ರೂಪ ನಿಶ್ಚಿಂತೆಯಿಂದ ಹೊರಡಬಹುದು ಎಂದ. ರಾಮಾಂಜಿನಪ್ಪನವರು ತಾವೇ ಎಲೆ ಹಾಕಿಸಿ, ಎದುರಿಗೆ ಕೂತು ಬಡಿಸಿದರು. ಅವರು ಆಚೆ ಹೋದ ಮೇಲೆ ನಾನು ಅವನ ಪಕ್ಕ ಕುಳಿತೆ.

"ಎಲ್ಲಾ ಬಿಟ್ಟು ನನ್ನ ಹೆಸರು ಹೇಳಿದ್ಯಲ್ಲೋ. ಹೆಂಗ್ ಹೊಳೀತೋ ಆ ಹೊತ್ತಲ್ಲಿ?"

ಅವನು ಅನ್ನ ಕಲಸುತ್ತಾ ತಲೆ ಎತ್ತಲಿಲ್ಲ. "ಆ ಹೊತ್ತಲ್ಲಿ ಹೊಳೆದಿದ್ದಲ್ಲ ಅಕ್ಕ. ಮದ್ವೆ ಗೊತ್ತಾದ ದಿನದಿಂದ ಮನಸ್ಸಲ್ಲಿತ್ತು. ಇಷ್ಟು ಜನದ ಮುಂದೆ ನಿಂತು ಹೇಳೋ ಧೈರ್ಯ ಇರ್ಲಿಲ್ಲ. ಬಂದಿದ್ರೆ ಸುಮ್ನೆ ನಾನೇ ಕೈಹಿಡ್ಕೊಂಡು ಕರ್ಕೊಂಡ್ ಬಂದ್ಬಿಡ್ತಿದ್ದೆ."

ಆ ವಿಮಾನ ಈಗಲೂ ಆಗಾಗ ಕೈಕೊಡುತ್ತದೆ. ಮುನೀಂದ್ರ ಅರ್ಧ ಊಟದಲ್ಲಿ ಎದ್ದು ಹೋಗುತ್ತಾನೆ. ನಾನು ಬುತ್ತಿ ಕಟ್ಟಿ ಕೊಟ್ಟು, ನಿಧಾನಕ್ಕೆ ನೋಡಿ ಸರಿಮಾಡು ಎಂದು ಹೇಳಿ ಕಳಿಸುತ್ತೇನೆ.